ಫ್ರೀಲಾನ್ಸ್ ಡಿಸೈನರ್‌ಗಳಿಗೆ ಬರೋ ಮೋಸದ ಕೆಲಸಗಳು: ಗುರುತು ಹಿಡಿಯೋದು ಹೇಗೆ? ಗೊತ್ತಿರೋದನ್ನ ಎಲ್ಲರೂ ಸೇರಿಸಿ

ಗೆರೆಗಾರ:
ಲೋಗೋ ಬೇಕು, ಬ್ರೋಶರ್ ಬೇಕು, ಇಲಸ್ಟ್ರೇಶನ್ ಬೇಕು ಅಂತ ಬರೋ ಮೆಸೇಜ್‌ಗಳಲ್ಲಿ ಯಾವುದು ಅಸಲಿ ಯಾವುದು ನಕಲಿ ಅಂತ ಯಾರಾದ್ರೂ ಕೇಳ್ತಾನೇ ಇರ್ತಾರೆ, ಅದಕ್ಕೆ ಎಲ್ಲಾ ಒಂದೇ ಕಡೆ ಇರಲಿ ಅಂತ ಈ ಥ್ರೆಡ್. ಒಂದು ವಿನಂತಿ, ಮೋಸ ಹೋದವರನ್ನ ಯಾರೂ ಬೈಬೇಡಿ. ಬೈದ್ರೆ ಮುಂದಿನವರು ಬಾಯಿ ಬಿಡಲ್ಲ, ಅವರು ಬಾಯಿ ಬಿಡದೇ ಇದ್ರೆ ಅದೇ ಕಳ್ಳ ನಾಳೆ ಇನ್ನೊಬ್ಬರ ಇನ್‌ಬಾಕ್ಸ್‌ಗೆ ಬರ್ತಾನೆ.

ಮೊದಲು ನಾನೊಂದು ಹಳೇ ಆಟ ಹೇಳ್ತೀನಿ, ಹಳೇದು ಅಂದ್ರೂ ಇವತ್ತಿಗೂ ನಡೀತಾ ಇದೆ. ಒಂದು ಇಮೇಲ್ ಬರತ್ತೆ, ನಾನೊಂದು ವರ್ಕ್‌ಶಾಪ್ ಮಾಡ್ತಾ ಇದೀನಿ, ಹದಿಹರೆಯದವರ ಖಿನ್ನತೆ ಬಗ್ಗೆ ಅಂತಾನೋ ಶಾಲೇಲಿ ಮಕ್ಕಳನ್ನ ಪೀಡಿಸೋದರ ಬಗ್ಗೆ ಅಂತಾನೋ ಇರತ್ತೆ, ಅದಕ್ಕೆ ಕೆಲವು ಇಲಸ್ಟ್ರೇಶನ್ ಬೇಕು ಅಂತಾರೆ. ಒಳ್ಳೇ ಕೆಲಸ ಅನ್ಸತ್ತೆ, ಟೈಮ್ ಕೂಡ ಧಾರಾಳ ಕೊಡ್ತಾರೆ, ರೇಟ್ ಹೇಳಿದ್ರೆ ಒಂದು ಮಾತೂ ಚೌಕಾಸಿ ಮಾಡದೇ ಒಪ್ಕೋತಾರೆ. ಫೋನಲ್ಲಿ ಮಾತಾಡೋಣ ಅಂದ್ರೆ ಮಾತ್ರ ನನಗೆ ಕಿವಿ ಕೇಳಲ್ಲ ಅಥವಾ ಆಸ್ಪತ್ರೇಲಿ ಇದೀನಿ ಅಂತಾರೆ. ಸರಿ ಅಂತ ಮುಂದುವರೆದ್ರೆ ಎರಡು ಮೂರು ಮೇಲ್ ಆದ್ಮೇಲೆ ಅಸಲಿ ವಿಷಯ ಬರತ್ತೆ: "ಟೆಕ್ಸ್ಟ್ ಮತ್ತೆ ಲೋಗೋ ಎಲ್ಲಾ ನನ್ನ ಪ್ರಾಜೆಕ್ಟ್ ಕನ್ಸಲ್ಟೆಂಟ್ ಹತ್ರ ಇದೆ, ಅವರು ಕಾರ್ಡ್ ತಗೊಳಲ್ಲ, ನೀವು ನನ್ನ ಕಾರ್ಡಿಂದ ನಿಮ್ಮ ಫೀಸ್ ಜೊತೆ ಅವರ ಫೀಸೂ ಸೇರಿಸಿ ತಗೊಂಡು ಅವರ ಪಾಲು ಅವರಿಗೆ ಕಳಿಸಿಬಿಡಿ."

ಆ ಕನ್ಸಲ್ಟೆಂಟ್ ಅನ್ನೋನು ಮೇಲ್ ಬರೆದವನೇ ಅಥವಾ ಅವನ ಕಡೆಯವನು. ಕಾರ್ಡು ಇನ್ಯಾರದೋ, ಕದ್ದಿದ್ದು. ಕಾರ್ಡಿನ ನಿಜವಾದ ಒಡೆಯ ತನ್ನ ಬ್ಯಾಂಕಿಗೆ ದೂರು ಕೊಟ್ಟಾಗ ಪೂರ್ತಿ ದುಡ್ಡು ನಿಮ್ಮ ಅಕೌಂಟಿಂದ ವಾಪಸ್ ಹೋಗತ್ತೆ, ನೀವು ಕನ್ಸಲ್ಟೆಂಟ್‌ಗೆ ಕಳಿಸಿದ್ದು ನಿಮ್ಮ ಕೈಯಿಂದಲೇ ಹೋದ ಹಾಗೆ. ಕೆಲಸ ಮಾಡಿದ ಶ್ರಮ ಬೇರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಿಜವಾಗ್ಲೂ ಕಿವಿ ಕೇಳದ ಕ್ಲೈಂಟ್‌ಗಳಿದಾರೆ, ಆಸ್ಪತ್ರೆಯಿಂದ ಮೇಲ್ ಮಾಡೋರೂ ಇರ್ತಾರೆ, ಅವರನ್ನ ಅನುಮಾನದಿಂದ ನೋಡೋದು ಅನ್ಯಾಯ. ಕಥೆ ಏನು ಅಂತ ನೋಡೋದಕ್ಕಿಂತ ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹೋಗ್ತಾ ಇದೆ ಅಂತ ನೋಡಿ. ಕ್ಲೈಂಟಿಂದ ಡಿಸೈನರ್‌ಗೆ ಬರಬೇಕು, ಅಷ್ಟೇ. ಡಿಸೈನರ್ ಕೈಯಿಂದ ಮೂರನೇವರಿಗೆ ಹೋಗಬೇಕು ಅಂದ ತಕ್ಷಣ ನಿಲ್ಲಿಸಿ, ಕಾರಣ ಎಷ್ಟೇ ಕರುಣಾಜನಕವಾಗಿರಲಿ.

ಹೊಸಪೆನ್ಸಿಲ್:
ಅಣ್ಣ ಒಂದು ಡೌಟು. ಅಕೌಂಟಲ್ಲಿ ದುಡ್ಡು ಬಂದಿರೋದು ಕಣ್ಣಿಗೆ ಕಾಣ್ತಾ ಇರತ್ತಲ್ಲ, ಬ್ಯಾಂಕೇ ತೋರಿಸ್ತಾ ಇರತ್ತೆ, ಆಮೇಲೆ ಅದು ಹೇಗೆ ವಾಪಸ್ ಹೋಗತ್ತೆ? ನಾನು ಇನ್ನೂ ಹೊಸಬಳು, ದಡ್ಡ ಪ್ರಶ್ನೆ ಅನ್ಸಿದ್ರೆ ಕ್ಷಮಿಸಿ.

ಲೆಕ್ಕದಪುಸ್ತಕ:
ದಡ್ಡ ಪ್ರಶ್ನೆ ಅಲ್ಲಮ್ಮ, ಕಳ್ಳರು ಬದುಕ್ತಾ ಇರೋದೇ ಈ ಒಂದು ಗೊಂದಲದ ಮೇಲೆ. ಚೆಕ್ ಹಾಕಿದಾಗ ಎಷ್ಟೋ ಕಡೆ ಬ್ಯಾಂಕು ಅದು ಪಾಸಾಗೋ ಮುಂಚೆಯೇ ದುಡ್ಡನ್ನ ಅಕೌಂಟಲ್ಲಿ ತೋರಿಸತ್ತೆ, ಅಮೆರಿಕದಲ್ಲಂತೂ ಕೆಲವೇ ದಿನದಲ್ಲಿ ದುಡ್ಡು ಬಳಸೋಕೆ ಬಿಡಬೇಕು ಅಂತ ಕಾನೂನೇ ಇದೆ, ಆದ್ರೆ ಆ ಚೆಕ್ಕು ಖೋಟಾ ಅಂತ ಗೊತ್ತಾಗೋಕೆ ವಾರಗಟ್ಟಲೆ ಹಿಡೀಬಹುದು. ಆ ನಡುವಿನ ಸಮಯದಲ್ಲೇ ಅವರು ಅವಸರ ಮಾಡೋದು. "ತಪ್ಪಾಗಿ ಜಾಸ್ತಿ ಮೊತ್ತದ ಚೆಕ್ ಕಳಿಸಿಬಿಟ್ಟೆ, ಹೆಚ್ಚಾಗಿರೋದನ್ನ ವಾಪಸ್ ಹಾಕಿ" ಅಂತಾರೆ, ನೀವು ಪ್ರಾಮಾಣಿಕರಾಗಿ ಹಾಕ್ತೀರ, ಆಮೇಲೆ ಚೆಕ್ ಬೌನ್ಸ್ ಆಗಿ ಪೂರ್ತಿ ಮೊತ್ತ ಬ್ಯಾಂಕಿಗೆ ನೀವೇ ಕಟ್ಟಬೇಕಾಗತ್ತೆ. ನಿಮ್ಮ ಪ್ರಾಮಾಣಿಕತೆಯನ್ನೇ ಹಿಡ್ಕೊಂಡು ನಾಮ ಹಾಕೋದು ಇದು, ಅದಕ್ಕೇ ನನಗೆ ಇದನ್ನ ನೋಡಿದ್ರೆ ಹೊಟ್ಟೆ ಉರಿಯತ್ತೆ.

ಕಾರ್ಡ್ ಪೇಮೆಂಟೂ ಹಾಗೇ, ಚಾರ್ಜ್‌ಬ್ಯಾಕ್ ಅಂತ ತಿಂಗಳುಗಳಾದ ಮೇಲೂ ವಾಪಸ್ ಹೋಗಬಹುದು. ಪೇಪಾಲ್‌ನಲ್ಲಿ ದುಡ್ಡು ಕೊಟ್ಟವರು 180 ದಿನದ ಒಳಗೆ ಡಿಸ್ಪ್ಯೂಟ್ ತೆರೀಬಹುದು, ಹಾಗಾಗಿ ಬ್ರೀಫ್ (ಏನು ಬೇಕು ಅಂತ ಕ್ಲೈಂಟ್ ಬರೆದು ಕೊಟ್ಟಿದ್ದು), ಒಪ್ಪಿಗೆ ಕೊಟ್ಟ ಮೇಲ್, ಫೈಲ್ ಕಳಿಸಿದ ತಾರೀಖು, "ಚೆನ್ನಾಗಿದೆ" ಅಂತ ಅವರು ಬರೆದಿದ್ದು ಎಲ್ಲಾ ಒಂದು ಫೋಲ್ಡರಲ್ಲಿ ಇಟ್ಕೊಳ್ಳಿ, ಡಿಸ್ಪ್ಯೂಟ್ ಬಂದಾಗ ಅದೇ ನಿಮ್ಮ ಸಾಕ್ಷಿ.

ಇನ್ನೊಂದು, ದುಡ್ಡು ಹಾಕಿದೀನಿ ಅಂತ ಕಳಿಸೋ ಸ್ಕ್ರೀನ್‌ಶಾಟ್‌ಗೆ ಯಾವ ಬೆಲೆಯೂ ಇಲ್ಲ, ಅದನ್ನ ನಾವೇ ಎರಡು ನಿಮಿಷದಲ್ಲಿ ಮಾಡಬಲ್ಲೆವು, ನಮ್ಮ ಕಸುಬೇ ಅದಲ್ವಾ. "ನಿಮ್ಮ ಪೇಮೆಂಟ್ ಬಂದಿದೆ, ಆದ್ರೆ ಅಕೌಂಟನ್ನ ಬಿಸಿನೆಸ್‌ಗೆ ಅಪ್‌ಗ್ರೇಡ್ ಮಾಡೋಕೆ ಇಷ್ಟು ಕಟ್ಟಿದ್ರೆ ಮಾತ್ರ ರಿಲೀಸ್ ಆಗತ್ತೆ" ಅಂತ ಪೇಪಾಲ್ ಲೋಗೋ ಹಾಕಿ ಬರೋ ಮೇಲ್ ಪೂರ್ತಿ ಸುಳ್ಳು. ಮೇಲಲ್ಲಿರೋ ಲಿಂಕ್ ಒತ್ತಬೇಡಿ, ಆ್ಯಪ್ ನೀವೇ ತೆರೆದು ನೋಡಿ, ಅಲ್ಲಿ ಕಂಡ್ರೆ ಉಂಟು, ಕಾಣದಿದ್ರೆ ಇಲ್ಲ.

ಮೂರನೇಆಯಾಮ:
ಎಲ್ಲರೂ ದುಡ್ಡಿನ ಬಗ್ಗೆ ಹೇಳ್ತಾ ಇದೀರ, ನನಗೆ ಅದಕ್ಕಿಂತ ಭಯ ಇರೋದು ಫೈಲ್‌ಗಳ ಬಗ್ಗೆ. ನಮ್ಮ ಕೆಲಸದಲ್ಲಿ ಅಪರಿಚಿತರು ಕಳಿಸಿದ ಫೈಲ್ ತೆರೆಯೋದು ದಿನನಿತ್ಯದ ಮಾತು, ಬೇರೆ ಕಸುಬಿನವರು ಅಟ್ಯಾಚ್‌ಮೆಂಟ್ ನೋಡಿದ್ರೆ ಹಿಂಜರೀತಾರೆ, ನಾವು ಬ್ರೀಫ್ ಬಂತು ಅಂತ ಖುಷಿಯಿಂದ ಡಬಲ್ ಕ್ಲಿಕ್ ಮಾಡ್ತೀವಿ.

ಹೇಗೆ ಬರತ್ತೆ ಅಂದ್ರೆ, ಯಾವುದೋ ಹೆಸರಾಂತ ಬ್ರ್ಯಾಂಡಿನ ಮಾರ್ಕೆಟಿಂಗ್ ಮ್ಯಾನೇಜರ್ ಅಂತ ಹೇಳ್ಕೊಂಡು ಒಂದು ಝಿಪ್ ಕಳಿಸ್ತಾರೆ, ಪಾಸ್‌ವರ್ಡ್ ಮೇಲಲ್ಲೇ ಬರೆದಿರ್ತಾರೆ. ಪಾಸ್‌ವರ್ಡ್ ಯಾಕೆ ಗೊತ್ತಾ? ಗೌಪ್ಯತೆಗೆ ಅಂತ ಹೇಳ್ತಾರೆ, ನಿಜವಾದ ಕಾರಣ ಅಂದ್ರೆ ಪಾಸ್‌ವರ್ಡ್ ಹಾಕಿದ ಝಿಪ್ ಒಳಗೆ ಏನಿದೆ ಅಂತ ಮೇಲ್ ಸ್ಕ್ಯಾನರ್‌ಗೆ ನೋಡೋಕಾಗಲ್ಲ. ಬಿಚ್ಚಿದ್ರೆ ಒಳಗೆ ನಾಲ್ಕು ಒಳ್ಳೇ ಪ್ರಾಡಕ್ಟ್ ಫೋಟೋ, ಜೊತೆಗೆ ಒಂದು "ಬ್ರೀಫ್ ಡಾಟ್ ಪಿಡಿಎಫ್". ವಿಂಡೋಸ್‌ನಲ್ಲಿ ಫೈಲಿನ ಎಕ್ಸ್‌ಟೆನ್ಶನ್ (ಯಾವ ಥರದ ಫೈಲ್ ಅಂತ ಹೇಳೋ ಹೆಸರಿನ ಕೊನೇ ಭಾಗ) ಮೊದಲಿಂದಲೂ ಮುಚ್ಚಿಟ್ಟಿರತ್ತೆ, ಹಾಗಾಗಿ ಪಿಡಿಎಫ್ ಆದ್ಮೇಲೆ ಇರೋ ಡಾಟ್ ಇಎಕ್ಸ್‌ಇ (ಅಂದ್ರೆ ಇದೊಂದು ಪ್ರೋಗ್ರಾಮ್ ಅನ್ನೋ ಗುರುತು) ಕಾಣೋದೇ ಇಲ್ಲ, ಐಕಾನ್ ಪಿಡಿಎಫ್‌ದೇ ಇಟ್ಟಿರ್ತಾರೆ. ಡಾಟ್ ಎಸ್‌ಸಿಆರ್ ಅನ್ನೋದೂ ಸ್ಕ್ರೀನ್‌ಸೇವರ್ ಹೆಸರಲ್ಲಿರೋ ಪ್ರೋಗ್ರಾಮೇ, ಅದೂ ಓಡತ್ತೆ. ಹೆಸರಿನ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಗುರುತು ತುರುಕಿ ಎಕ್ಸ್‌ಟೆನ್ಶನ್ನೇ ತಿರುಗುಮುರುಗಾಗಿ ಕಾಣೋ ಹಾಗೆ ಮಾಡೋರೂ ಇದಾರೆ. ಅದಕ್ಕೆ ಇವತ್ತೇ ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂ ಒಳಗೆ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಅನ್ನೋದನ್ನ ಆನ್ ಮಾಡಿ, ಟೈಪ್ ಕಾಲಮ್ಮಿನಲ್ಲಿ ಅಪ್ಲಿಕೇಶನ್ ಅಂತ ಬಂದ್ರೆ ಅದು ಬ್ರೀಫ್ ಅಲ್ಲ.

ಅದು ಓಡಿದ್ರೆ ಏನಾಗತ್ತೆ? ಸ್ಕ್ರೀನಲ್ಲಿ ಏನೂ ಆಗಲ್ಲ, ಫೈಲ್ ಹಾಳಾಗಿದೆ ಅನ್ಕೊಂಡು ಸುಮ್ನಾಗ್ತೀರ. ಹಿಂದೆ ಇನ್ಫೋಸ್ಟೀಲರ್ ಅನ್ನೋ ಮಾಲ್‌ವೇರ್ ಬ್ರೌಸರಲ್ಲಿ ಸೇವ್ ಆಗಿರೋ ಪಾಸ್‌ವರ್ಡು, ಕುಕ್ಕಿ (ನೀವು ಲಾಗಿನ್ ಆಗಿದೀರ ಅಂತ ನೆನಪಿಡೋ ಸಣ್ಣ ಫೈಲು) ಎಲ್ಲಾ ಎತ್ಕೊಂಡು ಹೋಗಿರತ್ತೆ. ಕುಕ್ಕಿ ಹೋಯ್ತು ಅಂದ್ರೆ ಓಟಿಪಿ ಕೂಡ ಕಾಪಾಡಲ್ಲ, ಯಾಕಂದ್ರೆ ಅವರು ಲಾಗಿನ್ ಮಾಡೋದೇ ಇಲ್ಲ, ನೀವು ಈಗಾಗ್ಲೇ ಲಾಗಿನ್ ಆಗಿರೋ ಸೆಶನ್ನೇ ಅವರ ಕಂಪ್ಯೂಟರಲ್ಲಿ ಮುಂದುವರೆಸ್ತಾರೆ. ವರ್ಷಗಟ್ಟಲೆ ಬೆಳೆಸಿದ ಇನ್‌ಸ್ಟಾಗ್ರಾಮ್ ಪೇಜು, ಬಿಹ್ಯಾನ್ಸ್ (ಡಿಸೈನರ್‌ಗಳು ತಮ್ಮ ಕೆಲಸ ತೋರಿಸೋ ಸೈಟು) ಪ್ರೊಫೈಲು ಹೋಗೋದು ಹೀಗೇ.

ಥ್ರೀಡಿ ಮಾಡೋರಿಗೆ ವಿಶೇಷವಾಗಿ ಹೇಳ್ತೀನಿ, ಬ್ಲೆಂಡರ್ ಅನ್ನೋ ಥ್ರೀಡಿ ಸಾಫ್ಟ್‌ವೇರಿನ ಫೈಲ್ ಒಳಗೆ ಪೈಥಾನ್ ಸ್ಕ್ರಿಪ್ಟ್ (ಓಡಬಲ್ಲ ಕೋಡ್) ಇಡಬಹುದು. ಆಟೋ ರನ್ ಅನ್ನೋ ಸೆಟ್ಟಿಂಗ್ ಮೊದಲಿಂದ ಆಫ್ ಇರತ್ತೆ, ಆಫಲ್ಲೇ ಇರಲಿ. "ರಿಗ್ ಸರಿಯಾಗಿ ಕಾಣಬೇಕಂದ್ರೆ ಆನ್ ಮಾಡಿ" ಅಂತ ಗೊತ್ತಿಲ್ಲದವರು ಹೇಳಿದ್ರೆ ಮಾಡಬೇಡಿ, 2025ರಲ್ಲಿ ಸ್ಟೀಲ್‌ಸಿ ಅನ್ನೋ ಇನ್ಫೋಸ್ಟೀಲರನ್ನ ಇಂಥಾ ಬ್ಲೆಂಡರ್ ಫೈಲ್‌ಗಳಿಂದಲೂ ಹರಡಿದ್ರು.

ಬಿಳಿಹಾಳೆ:
ಫೈಲಲ್ಲಿ ವೈರಸ್ ಇದೆಯಾ ಅಂತ ಹೇಳೋ ವೈರಸ್‌ಟೋಟಲ್ ಸೈಟಿಗೆ ಹಾಕಿ ನೋಡಿದ್ರೆ ಸಾಕಲ್ವಾ?

ಮೂರನೇಆಯಾಮ:
ಸಹಾಯ ಆಗತ್ತೆ, ಆದ್ರೆ ಅದೊಂದನ್ನೇ ನಂಬಬೇಡಿ. ಅಲ್ಲಿ 650 ಎಂಬಿಗಿಂತ ದೊಡ್ಡ ಫೈಲ್ ತಗೊಳಲ್ಲ, ಅದು ಗೊತ್ತಿರೋದ್ರಿಂದಲೇ ಫೈಲಿಗೆ ಸುಮ್ನೆ ಸೊನ್ನೆಗಳನ್ನ ತುಂಬಿಸಿ ಉಬ್ಬಿಸ್ತಾರೆ, ಝಿಪ್ ಮಾಡಿದಾಗ ಮತ್ತೆ ಚಿಕ್ಕದಾಗತ್ತೆ. ಹೊಸ ಮಾಲ್‌ವೇರ್ ಆದ್ರೆ ಎಲ್ಲಾ ಹಸಿರು ತೋರಿಸಬಹುದು. ಇನ್ನೊಂದು ವಿಷಯ, ಅಲ್ಲಿ ಹಾಕಿದ ಫೈಲನ್ನ ಸೆಕ್ಯೂರಿಟಿ ಕಂಪನಿಗಳು ನೋಡಬಹುದು, ಅಸಲಿ ಕ್ಲೈಂಟಿನ ಬಿಡುಗಡೆ ಆಗದ ಲೋಗೋ ಹಾಕಿಬಿಟ್ರೆ ಅದು ಬೇರೆ ತಲೆನೋವು. ನಾನು ಮಾಡೋದು ಇಷ್ಟೇ, ಹೊಸ ಕ್ಲೈಂಟ್ ಅಂದ್ರೆ ಬ್ರೀಫನ್ನ ಮೇಲ್ ಒಳಗೇ ಬರೀರಿ ಅಥವಾ ಗೂಗಲ್ ಡಾಕ್ಸಲ್ಲಿ ಹಂಚ್ಕೊಳ್ಳಿ ಅಂತೀನಿ. ಅಸಲಿ ಕ್ಲೈಂಟಿಗೆ ಅದು ಕಷ್ಟದ ಕೆಲಸವೇ ಅಲ್ಲ.

ಕರ್ನಿಂಗ್‌ಅಕ್ಕ:
ನಾನು ಟೆಸ್ಟ್ ಟಾಸ್ಕ್ ವಿಷಯ ಎತ್ತಬೇಕು ಅಂತಿದ್ದೆ. "ನಿಮ್ಮ ಶೈಲಿ ನೋಡ್ಬೇಕು, ಒಂದು ಹೋಮ್‌ಪೇಜ್ ಮಾಡಿ ಕಳಿಸಿ, ಸೆಲೆಕ್ಟ್ ಆದ್ರೆ ದೊಡ್ಡ ಪ್ರಾಜೆಕ್ಟ್ ಇದೆ" ಅಂತ ಮೂಗಿಗೆ ತುಪ್ಪ ಸವರ್ತಾರೆ. ಒಬ್ಬರಿಗೆ ಹೋಮ್‌ಪೇಜು, ಇನ್ನೊಬ್ಬರಿಗೆ ಪ್ರಾಡಕ್ಟ್ ಪೇಜು, ಮತ್ತೊಬ್ಬರಿಗೆ ಚೆಕೌಟ್ ಅಂತ ಹಂಚಿಬಿಟ್ರೆ ಪುಕ್ಕಟೆಯಾಗಿ ಇಡೀ ವೆಬ್‌ಸೈಟೇ ಆಗಿಹೋಗತ್ತೆ. ಆಮೇಲೆ ಎಲ್ಲರಿಗೂ ಒಂದೇ ಮೇಲ್, ಬೇರೆಯವರನ್ನ ಆಯ್ಕೆ ಮಾಡಿದೀವಿ ಅಂತ.

ಬಿಳಿಹಾಳೆ:
ಅಕ್ಕ, ಎಲ್ಲಾ ಟೆಸ್ಟನ್ನೂ ಮೋಸ ಅಂದ್ರೆ ಹೊಸಬರಿಗೆ ಕೆಲಸ ಸಿಗೋದು ಹೇಗೆ? ಪೋರ್ಟ್‌ಫೋಲಿಯೋದಲ್ಲಿ ಎರಡೇ ಐಟಂ ಇದ್ರೆ ಕ್ಲೈಂಟಾದ್ರೂ ಯಾವ ಧೈರ್ಯದ ಮೇಲೆ ಅಡ್ವಾನ್ಸ್ ಕೊಡ್ತಾರೆ? ನನಗೆ ಟೆಸ್ಟ್ ಮಾಡಿಯೇ ಒಳ್ಳೇ ಕ್ಲೈಂಟ್ ಸಿಕ್ಕಿದಾರೆ.

ಕರ್ನಿಂಗ್‌ಅಕ್ಕ:
ಸಿಕ್ಕಿರಬಹುದು, ಇಲ್ಲ ಅನ್ನಲ್ಲ. ನಾನು ನೋಡೋದು ಆ ಟೆಸ್ಟಿನ ಔಟ್‌ಪುಟ್ಟನ್ನ ಅವರು ನಾಳೆ ಬೆಳಿಗ್ಗೆ ಬಳಸಬಹುದಾ ಅನ್ನೋದನ್ನ. ಕಾಲ್ಪನಿಕ ಬ್ರ್ಯಾಂಡ್ ಕೊಟ್ಟು ಒಂದು ಗಂಟೇಲಿ ಮುಗಿಯೋ ಸಣ್ಣ ಟೆಸ್ಟ್ ಕೊಟ್ರೆ ಅವರು ನಿಜವಾಗ್ಲೂ ನಿಮ್ಮ ಕೈಚಳಕ ನೋಡ್ತಾ ಇದಾರೆ. ಅವರದೇ ಪ್ರಾಡಕ್ಟು, ಅವರದೇ ಟೆಕ್ಸ್ಟು, ಎಡಿಟ್ ಮಾಡೋ ಹಾಗಿರೋ ಸೋರ್ಸ್ ಫೈಲೇ ಬೇಕು ಅಂದ್ರೆ ಅದು ಟೆಸ್ಟಲ್ಲ, ಕೆಲಸ, ಕೆಲಸಕ್ಕೆ ದುಡ್ಡು ಕೊಡಬೇಕು. ಪೇಯ್ಡ್ ಟೆಸ್ಟ್ ಮಾಡ್ತೀನಿ ಅಂತ ನೀವೇ ಕೇಳಿ, ಚಿಕ್ಕ ಮೊತ್ತವಾದ್ರೂ ಪರವಾಗಿಲ್ಲ, ಆ ಒಂದು ಮಾತಿಗೇ ಎಷ್ಟೋ ಜನ ಮಾಯ ಆಗ್ತಾರೆ.

ಹಕ್ಕಿನ ವಿಷಯಾನೂ ತಿಳ್ಕೊಳ್ಳಿ. ಬರ್ನ್ ಒಪ್ಪಂದ ಅಂತ 1886ರಿಂದ ಇದೆ, ಅದಕ್ಕೆ ಸೇರಿರೋ ದೇಶಗಳಲ್ಲಿ ಕಾಪಿರೈಟ್‌ಗೆ ಎಲ್ಲೂ ರಿಜಿಸ್ಟರ್ ಮಾಡಿಸಬೇಕಾಗಿಲ್ಲ, ಚಿತ್ರ ಬರೆದ ಕ್ಷಣದಿಂದ ಅದು ತಾನಾಗೇ ಬರತ್ತೆ. ಆಮೇಲೆ ಆ ಹಕ್ಕು ಯಾರಿಗೆ ಯಾವಾಗ ಹೋಗತ್ತೆ ಅನ್ನೋದು ಕಾಂಟ್ರ್ಯಾಕ್ಟಿನ ಮೇಲೆ ನಿಂತಿದೆ. ಅದಕ್ಕೆ ಕೊಟೇಶನ್ನಲ್ಲೇ ಒಂದು ಸಾಲು ಹಾಕಿ, "ಪೂರ್ತಿ ಹಣ ಸಂದಾಯವಾದ ನಂತರವೇ ಹಕ್ಕುಗಳು ವರ್ಗಾವಣೆಯಾಗುತ್ತವೆ" ಅಂತ. ಅಲ್ಲಿವರೆಗೆ ತೋರಿಸೋದೆಲ್ಲಾ ಕಡಿಮೆ ರೆಸಲ್ಯೂಶನ್, ಮೇಲೆ ವಾಟರ್‌ಮಾರ್ಕ್. ಫಿಗ್ಮಾ (ಆನ್‌ಲೈನ್ ಡಿಸೈನ್ ಟೂಲ್) ಲಿಂಕ್ ಕೊಟ್ರೆ ವ್ಯೂ ಮಾತ್ರ ಕೊಡಿ, ಕಾಪಿ ಮತ್ತೆ ಎಕ್ಸ್‌ಪೋರ್ಟ್ ಮಾಡೋದನ್ನ ತಡೆಯೋ ಸೆಟ್ಟಿಂಗ್ ಇದ್ರೆ ಅದನ್ನೂ ಹಾಕಿ.

ಅಡ್ವಾನ್ಸ್ ಬಗ್ಗೆ ಹೊಸಬರಿಗೆ ಒಂದು ಸಂಕೋಚ ಇರತ್ತೆ, ನಾನು ಕೇಳಿದ್ರೆ ಎದ್ದು ಹೋಗ್ತಾರೇನೋ ಅಂತ. ಅರ್ಧ ಮುಂಗಡ ಕೇಳೋದು ಈ ಕಸುಬಲ್ಲಿ ಮಾಮೂಲಿ, ದೊಡ್ಡ ಕೆಲಸ ಆದ್ರೆ ಮೂರು ಕಂತು ಮಾಡ್ತಾರೆ. ಅಡ್ವಾನ್ಸ್ ಕೇಳಿದ್ದಕ್ಕೆ ಎದ್ದು ಹೋಗೋರು ಕೆಲಸ ಮುಗಿದ ಮೇಲೂ ಕೊಡ್ತಿರಲಿಲ್ಲ.

ವೆಕ್ಟರ್‌ಮನೆ:
ಅಪ್‌ವರ್ಕ್, ಫೈವರ್ ಥರದ ಫ್ರೀಲಾನ್ಸ್ ಸೈಟ್‌ಗಳಲ್ಲಿ ಇರೋರಿಗೆ. "ಟೆಲಿಗ್ರಾಮ್‌ಗೆ ಬನ್ನಿ, ಅಲ್ಲಿ ಡೀಟೇಲ್ಸ್ ಕೊಡ್ತೀನಿ" ಅನ್ನೋದನ್ನ ಮೊದಲ ಮೆಸೇಜಲ್ಲೇ ಹೇಳೋರನ್ನ ಅಲ್ಲೇ ಬಿಟ್ಟುಬಿಡಿ. ಕಾಂಟ್ರ್ಯಾಕ್ಟ್ ಶುರು ಆಗೋಕೆ ಮುಂಚೆ ಹೊರಗಡೆ ಮಾತಾಡೋದೇ ಅಪ್‌ವರ್ಕ್ ನಿಯಮಕ್ಕೆ ವಿರುದ್ಧ, ಹೊರಗೆ ದುಡ್ಡು ತಗೊಂಡ್ರೆ ನಿಮ್ಮ ಅಕೌಂಟೇ ಹೋಗಬಹುದು, ಅಲ್ಲಿ ಮೋಸ ಆದ್ರೆ ಅವರು ಕೈ ಎತ್ತಿಬಿಡ್ತಾರೆ. ಪ್ಲಾಟ್‌ಫಾರ್ಮ್ ಕಮಿಷನ್ ಜಾಸ್ತಿ ಅಂತ ನಮಗೂ ಬೇಜಾರಿದೆ, ಕಳ್ಳರು ಆ ಬೇಜಾರನ್ನೇ ಉಪಯೋಗಿಸ್ಕೊಳ್ಳೋದು, "ನಿಮಗೇ ಉಳಿಯತ್ತಲ್ಲ" ಅಂತ.

ಅಪ್‌ವರ್ಕ್‌ನಲ್ಲಿ ಫಿಕ್ಸೆಡ್ ಪ್ರೈಸ್ ಕೆಲಸ ಆದ್ರೆ ಮೈಲ್‌ಸ್ಟೋನ್ ಫಂಡ್ ಆಗಿದೆ (ಆ ಹಂತದ ದುಡ್ಡನ್ನ ಕ್ಲೈಂಟ್ ಸೈಟಿಗೆ ಕಟ್ಟಿದಾರೆ) ಅಂತ ಕಾಣೋವರೆಗೂ ಒಂದು ಗೆರೆ ಎಳೀಬೇಡಿ. ಆಫರ್ ಬಂದಿದೆ ಅಂದ್ರೆ ದುಡ್ಡು ಎಸ್ಕ್ರೋದಲ್ಲಿ (ಕೆಲಸ ಮುಗಿಯೋವರೆಗೂ ದುಡ್ಡು ಹಿಡಿದಿಡೋ ಖಾತೆ) ಬಂದಿದೆ ಅಂತಲ್ಲ, ಎಷ್ಟೋ ಜನ ಇಲ್ಲೇ ಎಡವೋದು. ಕೆಲಸ ಮುಗಿದ ಮೇಲೆ ಫೈಲನ್ನ ಚಾಟಲ್ಲಿ ಕಳಿಸಿ ಸುಮ್ನಾಗಬೇಡಿ, ಸಬ್ಮಿಟ್ ಬಟನ್ನೇ ಒತ್ತಿ, ಆಗ ಕ್ಲೈಂಟ್ 14 ದಿನ ಮಾತಾಡದೇ ಇದ್ರೆ ದುಡ್ಡು ತಾನಾಗೇ ರಿಲೀಸ್ ಆಗತ್ತೆ. ಗಂಟೆ ಲೆಕ್ಕದ ಕೆಲಸ ಆದ್ರೆ ಅವರ ಟೈಮ್ ಟ್ರ್ಯಾಕರ್ ಹಾಕಿಯೇ ಮಾಡಿ, ಕೈಯಲ್ಲಿ ಬರೆದು ಸೇರಿಸಿದ ಗಂಟೆಗಳಿಗೆ ಪೇಮೆಂಟ್ ರಕ್ಷಣೆ ಇರಲ್ಲ.

ಇನ್ನೊಂದು ಅಪಾಯ ಇದೆ, "ನಿಮ್ಮ ಅಕೌಂಟ್ ನನಗೆ ಬಾಡಿಗೆಗೆ ಕೊಡಿ, ತಿಂಗಳಾ ತಿಂಗಳಾ ಪಾಲು ಕೊಡ್ತೀನಿ" ಅಂತ ಬರತ್ತೆ. ಸುಮ್ನೆ ಕೂತು ದುಡ್ಡು ಅನ್ಸತ್ತೆ, ಆದ್ರೆ ಅಲ್ಲಿ ಕೆಲಸ ಮಾಡೋರು ಯಾರು, ದುಡ್ಡು ಎಲ್ಲಿಗೆ ಹೋಗತ್ತೆ ಅಂತ ನಿಮಗೆ ಗೊತ್ತಿರಲ್ಲ, ಹೆಸರು ಮಾತ್ರ ನಿಮ್ಮದು. 2025ರ ಜುಲೈನಲ್ಲಿ ಅಮೆರಿಕದ ಅರಿಝೋನಾದ ಒಬ್ಬ ಮಹಿಳೆಗೆ 102 ತಿಂಗಳ ಜೈಲಾಯ್ತು. ಉತ್ತರ ಕೊರಿಯಾದ ಐಟಿ ಕೆಲಸಗಾರರು ಕದ್ದ ಹೆಸರುಗಳಲ್ಲಿ 300ಕ್ಕೂ ಹೆಚ್ಚು ಕಂಪನಿಗಳಲ್ಲಿ ಕೆಲಸ ಮಾಡೋಕೆ ಆಕೆ ತನ್ನ ಮನೇಲಿ ಲ್ಯಾಪ್‌ಟಾಪ್‌ಗಳನ್ನ ಇಟ್ಕೊಂಡು ಸಹಾಯ ಮಾಡಿದ್ಲು. ಬಾಡಿಗೆ ಕೊಡೋರೆಲ್ಲಾ ಅಷ್ಟು ದೂರ ಹೋಗ್ತಾರೆ ಅಂತಲ್ಲ, ಆದ್ರೆ ಹೆಸರು ಕೊಟ್ಟ ಮೇಲೆ ಅದನ್ನ ಎಲ್ಲಿ ಬಳಸ್ತಾರೆ ಅನ್ನೋದು ನಿಮ್ಮ ಕೈಲಿ ಇರಲ್ಲ.

ಗೆರೆಗಾರ:
ಅಕೌಂಟ್ ಬಾಡಿಗೆ ವಿಷಯ ಹೇಳಿದ್ದು ತುಂಬಾ ಒಳ್ಳೇದಾಯ್ತು, ಅದರ ಬಗ್ಗೆ ಯಾರೂ ಮಾತಾಡಲ್ಲ.

ನಕಲಿ ನೇಮಕಾತಿ ಬಗ್ಗೆ ಸೇರಿಸ್ತೀನಿ. ದೊಡ್ಡ ಸ್ಟುಡಿಯೋ ಹೆಸರಲ್ಲಿ ಇಂಟರ್ವ್ಯೂ ಅಂತಾರೆ, ಇಂಟರ್ವ್ಯೂ ಪೂರ್ತಿ ಚಾಟಲ್ಲೇ ನಡೆಯತ್ತೆ, ಮುಖಾನೂ ಇಲ್ಲ ಧ್ವನೀನೂ ಇಲ್ಲ, ಒಂದು ಗಂಟೇಲಿ ಆಫರ್ ಲೆಟರ್ ಬರತ್ತೆ. ಆಮೇಲೆ ಐಡಿ ಕಾರ್ಡಿನ ಫೋಟೋ, ಬ್ಯಾಂಕ್ ವಿವರ ಕೇಳ್ತಾರೆ, ಇಲ್ಲಾ ಲ್ಯಾಪ್‌ಟಾಪ್ ತಗೊಳ್ಳೋಕೆ ಚೆಕ್ ಕಳಿಸ್ತೀವಿ, ನಮ್ಮ ವೆಂಡರ್ ಹತ್ರಾನೇ ತಗೋಬೇಕು ಅಂತಾರೆ. ಆ ವೆಂಡರ್ ಯಾರು ಅಂತ ಮೇಲಿನ ಕನ್ಸಲ್ಟೆಂಟ್ ಕಥೆ ಓದಿದವರಿಗೆ ಹೇಳಬೇಕಾಗಿಲ್ಲ.

ಇಮೇಲ್ ವಿಳಾಸದಲ್ಲಿ ಅಟ್ ಆದ್ಮೇಲೆ ಬರೋ ಹೆಸರನ್ನ ಅಕ್ಷರ ಅಕ್ಷರ ನೋಡಿ. ಇಂಗ್ಲಿಷಿನ ಆರ್ ಮತ್ತೆ ಎನ್ ಪಕ್ಕಪಕ್ಕ ಇಟ್ರೆ ಎಮ್ ಥರಾನೇ ಕಾಣತ್ತೆ, ಅಕ್ಷರಗಳ ನಡುವಿನ ಜಾಗ ನೋಡೋದು ನಮ್ಮ ಕೆಲಸವೇ, ಇಲ್ಲೂ ಅದೇ ಕಣ್ಣು ಇರಲಿ. ಆ ಹೆಸರು, ಅಂದ್ರೆ ಡೊಮೇನ್, ಯಾವಾಗ ರಿಜಿಸ್ಟರ್ ಆಯ್ತು ಅಂತ ಐಕ್ಯಾನ್ ಲುಕಪ್ ಅನ್ನೋ ಸೈಟಲ್ಲಿ ನೋಡಬಹುದು, ಹತ್ತಾರು ವರ್ಷದ ಕಂಪನಿ ಅಂತ ಹೇಳ್ಕೊಂಡು ಡೊಮೇನ್ ಹೋದ ತಿಂಗಳು ಹುಟ್ಟಿದ್ರೆ ಲೆಕ್ಕ ತಾಳೆ ಆಗಲ್ಲ. ಆಮೇಲೆ ಆ ಕಂಪನಿಯ ವೆಬ್‌ಸೈಟಿಗೆ ನೀವೇ ಹೋಗಿ ಅಲ್ಲಿರೋ ವಿಳಾಸಕ್ಕೆ ಬರೆದು ಇಂಥವರು ನಿಮ್ಮಲ್ಲಿ ಇದಾರಾ ಅಂತ ಕೇಳಿ, ಬಂದ ಮೇಲಿಗೇ ರಿಪ್ಲೈ ಮಾಡಿ ಕೇಳಿದ್ರೆ ಕಳ್ಳನೇ ಹೌದು ಅಂತ ಹೇಳ್ತಾನೆ. ಐಡಿ ಕೊಡಲೇಬೇಕಾದ ಸಂದರ್ಭ ಬಂದ್ರೆ ಕಾಪಿ ಮೇಲೆ ಯಾರಿಗೆ, ಯಾವುದಕ್ಕೆ, ಯಾವ ತಾರೀಖು ಅಂತ ಅಡ್ಡಲಾಗಿ ಬರೆದು ಕೊಡಿ.

ಲೆಕ್ಕದಪುಸ್ತಕ:
ಈಗಾಗ್ಲೇ ಸಿಕ್ಕಿಹಾಕ್ಕೊಂಡವರಿಗೂ ಒಂದು ಮಾತು ಇರಲಿ. ದುಡ್ಡು ಹೋಗಿದ್ರೆ ಮೊದಲ ಫೋನು ಬ್ಯಾಂಕಿಗೆ, ಎರಡನೇದು ನಿಮ್ಮ ದೇಶದ ಸೈಬರ್ ಪೊಲೀಸರಿಗೆ, ನಾಚಿಕೆಯಿಂದ ಒಂದು ದಿನ ಸುಮ್ನೆ ಕೂತ್ರೆ ದುಡ್ಡು ಮೂರು ಅಕೌಂಟ್ ದಾಟಿರತ್ತೆ. ಚಾಟ್ ಡಿಲೀಟ್ ಮಾಡಬೇಡಿ, ಕೋಪದಲ್ಲಿ ಬ್ಲಾಕ್ ಮಾಡೋಕೆ ಮುಂಚೆ ಎಲ್ಲಾ ಸೇವ್ ಮಾಡಿ. ಫೈಲ್ ತೆರೆದು ಅನುಮಾನ ಬಂದಿದ್ರೆ ಆ ಕಂಪ್ಯೂಟರಿನ ಇಂಟರ್ನೆಟ್ ತೆಗೀರಿ, ಬೇರೆ ಫೋನಿಂದ ಮೊದಲು ಇಮೇಲ್ ಪಾಸ್‌ವರ್ಡ್ ಬದಲಾಯಿಸಿ, ಎಲ್ಲಾ ಡಿವೈಸಿಂದ ಲಾಗೌಟ್ ಅನ್ನೋದನ್ನ ಒತ್ತಿ, ಕುಕ್ಕಿ ಕದ್ದಿದ್ರೆ ಪಾಸ್‌ವರ್ಡ್ ಬದಲಾಯಿಸೋದಷ್ಟೇ ಸಾಲದು. ಆಮೇಲೆ ಆ ಕಂಪ್ಯೂಟರನ್ನ ಪೂರ್ತಿ ಫಾರ್ಮ್ಯಾಟ್ ಮಾಡಿ.

ಇದಾದ ಮೇಲೆ "ಕಳ್ಕೊಂಡ ದುಡ್ಡು ವಾಪಸ್ ಕೊಡಿಸ್ತೀವಿ, ಸ್ವಲ್ಪ ಫೀಸ್ ಕಟ್ಟಿ" ಅಂತ ಒಬ್ಬ ಬರ್ತಾನೆ. ಅವನೂ ಅದೇ ಗುಂಪಿನವನು ಅಥವಾ ನಿಮ್ಮ ಹೆಸರನ್ನ ಅವರಿಂದ ಕೊಂಡವನು. ಗಾಯದ ಮೇಲೆ ಬರೆ ಎಳೆಯೋದು ಅಂದ್ರೆ ಇದೇ.

ಹೊಸಪೆನ್ಸಿಲ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನನಗೀಗ ಒಂದು ಮೇಲ್ ಬಂದಿದೆ, ಮಕ್ಕಳ ಪುಸ್ತಕಕ್ಕೆ ಚಿತ್ರ ಬೇಕಂತೆ. ಹನ್ನೆರಡು ಚಿತ್ರ, ಕಥೆ ಮೇಲಲ್ಲೇ ಇದೆ, ಅಟ್ಯಾಚ್‌ಮೆಂಟ್ ಇಲ್ಲ, ಕ್ಯಾಮೆರಾ ಹಾಳಾಗಿದೆ ಅದಕ್ಕೆ ವಿಡಿಯೋ ಕಾಲ್ ಆಗಲ್ಲ ಅಂದಿದಾರೆ. ಅಸಲಿನಾ ಮೋಸಾನಾ ಗೊತ್ತಾಗ್ತಾ ಇಲ್ಲ. ಸುಮ್ನೆ ಅನುಮಾನ ಪಟ್ಟು ಒಳ್ಳೇ ಕೆಲಸ ಕಳ್ಕೊಂಡ್ರೆ ಅಂತ ಭಯ.

ಕರ್ನಿಂಗ್‌ಅಕ್ಕ:
ಕಳ್ಕೊಳ್ಳೋ ಹಾಗೆ ಏನೂ ಬರೀಬೇಡ ಮಾರಾಯ್ತಿ. ಇದನ್ನ ಹಾಗೇ ಕಾಪಿ ಮಾಡ್ಕೋ, ನಿನ್ನ ರೇಟ್ ಸೇರಿಸಿ ಕಳಿಸು:

"ನಮಸ್ಕಾರ, ಕಥೆ ಓದಿದೆ, ಇಷ್ಟವಾಯಿತು. ಕೆಲಸದ ವಿವರ, ತಿದ್ದುಪಡಿಗಳ ಸಂಖ್ಯೆ ಮತ್ತು ಹಣದ ಕಂತುಗಳಿರುವ ಒಂದು ಪುಟದ ಒಪ್ಪಂದ ಕಳಿಸುತ್ತೇನೆ. ಅದಕ್ಕೆ ಸಹಿಯಾಗಿ ಅರ್ಧ ಮುಂಗಡ ನನ್ನ ಖಾತೆಗೆ ಜಮೆಯಾದ ನಂತರ ಸ್ಕೆಚ್ ಶುರು ಮಾಡುತ್ತೇನೆ. ಹಣವನ್ನು ಬ್ಯಾಂಕ್ ವರ್ಗಾವಣೆ ಮೂಲಕ ಮಾತ್ರ ಪಡೆಯುತ್ತೇನೆ, ಬೇರೆಯವರ ಪರವಾಗಿ ಹಣ ಪಡೆಯುವುದಾಗಲಿ ಕಳಿಸುವುದಾಗಲಿ ಮಾಡುವುದಿಲ್ಲ. ಕ್ಯಾಮೆರಾ ಇಲ್ಲದಿದ್ದರೂ ಪರವಾಗಿಲ್ಲ, ಹತ್ತು ನಿಮಿಷ ಧ್ವನಿ ಕರೆಯಲ್ಲಿ ಮಾತಾಡೋಣ."

ಅಸಲಿ ಬರಹಗಾರರಾದ್ರೆ ಇದನ್ನ ಓದಿ ಇನ್ನೂ ನಂಬಿಕೆ ಬರತ್ತೆ, ಕೆಲಸ ಗೊತ್ತಿರೋರು ಅಂತ. ದುಡ್ಡು ಬಂದಿದೆ ಅಂತ ಅವರು ಹೇಳಿದಾಗ ಬ್ಯಾಂಕಿಗೆ ಒಂದು ಫೋನ್ ಮಾಡಿ, ಜಮೆ ಆಗಿರೋದು ಪಕ್ಕಾನಾ, ವಾಪಸ್ ಹೋಗೋ ಸಾಧ್ಯತೆ ಇದೆಯಾ ಅಂತ ಕೇಳ್ಕೊಂಡೇ ಪೆನ್ಸಿಲ್ ಹಿಡಿ. ಏನು ಉತ್ತರ ಬಂತು ಅಂತ ಇಲ್ಲೇ ಹಾಕು, ಒಟ್ಟಿಗೆ ನೋಡೋಣ.